ಸುಂಬಾ ಇಕತ್ ಲಂಗ: ಅಸಲಿ ಗುರುತಿಸುವುದು ಹೇಗೆ?

ಬಾಲಿಗೆ ಹೋದವರು ‘ಸುಂಬಾ ಇಕತ್’ ಅಂತ ಪ್ರಿಂಟ್ ಬಟ್ಟೆ ಹೊತ್ತು ತರುವುದನ್ನು ನೋಡಿ ನೋಡಿ ಸಾಕಾಗಿದೆ. ಕುದುರೆ ಚಿತ್ರ ಚೆನ್ನಾಗಿದ್ದರೆ ಮುಗೀತು, ದುಡ್ಡು ಕೊಟ್ಟೇ ಬಿಡುತ್ತಾರೆ.

ಇಕತ್ ಅಂದರೆ ನೂಲನ್ನು ಮೊದಲೇ ಕಟ್ಟಿ, ಬಣ್ಣಕ್ಕೆ ಅದ್ದಿ, ಆಮೇಲೆ ನೇಯ್ದ ಬಟ್ಟೆ. ಸುಂಬಾ ದ್ವೀಪ ಇರುವುದು ಇಂಡೊನೇಷ್ಯಾದಲ್ಲಿ, ಬಾಲಿಯಿಂದ ಪೂರ್ವಕ್ಕೆ. ಅಲ್ಲಿನ ಗಂಡಸರ ಬಟ್ಟೆ ಹಿಂಗಿ. ಹೆಂಗಸರದು ಲಾವು, ಲುಂಗಿಯಂತೆ ಸುತ್ತ ಹೊಲಿದ ಲಂಗ.

1. ಲಾವುವನ್ನು ಒಳಹೊರಗು ಮಾಡಿ. ಒಳಗೆ ಬಣ್ಣ ಮಂಕಾಗಿದ್ದರೆ ಪ್ರಿಂಟ್. ವಾಪಸ್ ಕೊಡಿ.

2. ಈಗ ನೂಲು ನೋಡಿ. ಅವಸರ ಬೇಡ, ಎಲ್ಲರೂ ಎಡವುವುದು ಇಲ್ಲೇ. ಸುಂಬಾದಲ್ಲಿ ಹಾಸಿನ ನೂಲನ್ನು (ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆ) ನೇಯುವ ಮೊದಲೇ ತಾಳೆಗರಿಯ ಎಳೆಯಿಂದ ಬಿಗಿದು ಬಣ್ಣಕ್ಕೆ ಅದ್ದುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಹೊಕ್ಕು, ಅಂದರೆ ಅಡ್ಡ ಎಳೆ, ಮಾತ್ರ ಒಂದೇ ಬಣ್ಣ. ಹಾಗಾಗಿ ಚಿತ್ರದ ಅಂಚು ಹಾಸಿನ ಉದ್ದಕ್ಕೆ ಚೂರು ಕದಡಿದಂತೆ ಕಾಣಬೇಕು. ಲಾವು ಉಟ್ಟಾಗ ಈ ಹಾಸು ಸೊಂಟದ ಸುತ್ತ ಅಡ್ಡಕ್ಕೆ ಬರುತ್ತದೆ. ಜನ ಮೇಲಿಂದ ಕೆಳಕ್ಕೆ ಹುಡುಕಿ, ಸಿಗದೆ, ಅಸಲಿಯನ್ನೇ ನಕಲಿ ಅನ್ನುತ್ತಾರೆ!

ಹಿಂಗಿಗಾದರೆ ಅಂಚಲ್ಲಿ ಕುಚ್ಚು ಇರುತ್ತದೆ, ನೂಲು ನೋಡುವುದು ಸಲೀಸು. ಲಾವುಗೆ ಅದಿಲ್ಲ. ಹೊಲಿಗೆಯ ಒಳಬದಿ ಹುಡುಕಿ, ಕತ್ತರಿಸಿದ ಹಾಸಿನ ತುದಿಗಳು ಇಣುಕುತ್ತಿರುತ್ತವೆ. ಒಂದೆಳೆಯನ್ನು ಉಗುರಲ್ಲಿ ಹಿಡಿದು ಹುರಿ ಬಿಚ್ಚಿ. ಒಂದು ಮಗ್ಗುಲು ಬಣ್ಣ, ಇನ್ನೊಂದು ಬಿಳಿ ಇದ್ದರೆ ಮೋಸ. ಒದ್ದೆ ಕರವಸ್ತ್ರ ಉಜ್ಜುವ ಪರೀಕ್ಷೆ ಬಿಟ್ಟುಬಿಡಿ, ಅಸಲಿ ನೀಲಿಯೂ ಸ್ವಲ್ಪ ಬಿಡುತ್ತದೆ.

ಚಿತ್ರ ಉಬ್ಬಿ ಕಂಡರೆ ಅದು ಪಹಿಕುಂಗ್, ಹೆಚ್ಚುವರಿ ಹಾಸು ಸೇರಿಸಿ ನೇಯ್ದದ್ದು. ಇಕತ್ ಅಲ್ಲದಿದ್ದರೂ ಸುಂಬಾದ್ದೇ, ಬೇಕಿದ್ದರೆ ಕೊಳ್ಳಿ.

3. ಬಣ್ಣ. ನೀಲಿಗೆ ನೀಲಿಗಿಡದ ಎಲೆ ಮತ್ತು ಸುಣ್ಣ. ಕೆಂಪಿಗೆ ನೋನಿ ಗಿಡದ ಬೇರು. ಹೌದು, ಈಗ ಬಾಟಲಿಯಲ್ಲಿ ರಸ ಮಾರುತ್ತಾರಲ್ಲ, ಅದೇ ನೋನಿ. ಈ ಕೆಂಪು ತುಸು ಕಂದು ಬೆರೆತಂತೆ ಇರುತ್ತದೆ. ಕಣ್ಣು ಕುಕ್ಕುವ ಕೆಂಪಿದ್ದರೆ ಪ್ಯಾಕೆಟ್ ಬಣ್ಣ ಅಂತ ಅನುಮಾನಿಸಿ. ಹೊಸ ಬಟ್ಟೆಯನ್ನು ಚಹಾ ನೀರಲ್ಲಿ ಅದ್ದಿ ‘ಅಜ್ಜಿ ಕಾಲದ್ದು’ ಎನ್ನುವವರೂ ಇದ್ದಾರೆ.

4. ಕೊನೆಗೆ ಚಿತ್ರ ಓದಿ. ಕುದುರೆ ಅಂದರೆ ಸಿರಿತನ, ಅಂತಸ್ತು. ಮೊಸಳೆ, ಆಮೆ ಅರಸು ಮನೆತನದ ಗುರುತು. ಸಿಗಡಿ ಪೊರೆ ಕಳಚುವುದರಿಂದ ಮರುಹುಟ್ಟು. ಮಾಮುಲಿ ಎನ್ನುವ ಕಿವಿಯೋಲೆ ಹೆಣ್ತನದ ಗುರುತು. ಮದುವೆಯಲ್ಲಿ ಗಂಡಿನ ಕಡೆಯವರು ಮಾಮುಲಿ, ಕುದುರೆ ಕೊಟ್ಟರೆ ಹೆಣ್ಣಿನವರು ಬಟ್ಟೆ ಕೊಡುತ್ತಾರೆ. ‘ಪಟೋಲ ರತು’ ವಿನ್ಯಾಸ ನಮ್ಮ ಗುಜರಾತಿನ ಪಟೋಲ ರೇಷ್ಮೆ ಬಟ್ಟೆ ನೋಡಿ ಹುಟ್ಟಿದ್ದು, ಹಿಂದೆ ದೊಡ್ಡ ಮನೆತನದವರಿಗೇ ಮೀಸಲು. ಇವೆಲ್ಲವನ್ನೂ ಒಂದೇ ಲಂಗಕ್ಕೆ ತುರುಕಿದ್ದರೆ ನಾನಂತೂ ಮುಟ್ಟುವುದಿಲ್ಲ.

ಒಗೆಯಲು ತಣ್ಣೀರು, ಒಣಗಲು ನೆರಳು. ವಾಷಿಂಗ್ ಮಷಿನ್ ಬೇಡವೇ ಬೇಡ.