ಆನ್‌ಲೈನ್ ಕೋರ್ಸ್ ತಿದ್ದಬೇಕಾ? ಬರೀ ಸ್ಟಾರ್ ನೋಡಬೇಡಿ

ನಾನು ಆನ್‌ಲೈನ್‌ನಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿಸುತ್ತೇನೆ. ಕೋರ್ಸ್ ಮುಗಿದಾಗ ಎಲ್ಲರೂ ‘ಸೂಪರ್ ಸರ್’ ಎಂದು ಐದು ಸ್ಟಾರ್ ಕೊಡುತ್ತಾರೆ. ಖುಷಿಯೇನೋ ಆಗುತ್ತದೆ, ಪಾಠ ತಿದ್ದಲು ಅದು ಸಾಲುವುದಿಲ್ಲ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿ ಅಳೆಯಲು ನಾಲ್ಕು ಹಂತ ಹೇಳಿದ್ದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಫಲ ಬಂತಾ. ಸ್ಟಾರ್ ಮೊದಲನೆಯದಕ್ಕಷ್ಟೇ.

ಮೊದಲು ಕ್ವಿಜ್ ನೋಡಿ. ಆನ್‌ಲೈನ್ ಕೋರ್ಸ್ ನಡೆಸುವ ಸಾಫ್ಟ್‌ವೇರ್ ಮೂಡಲ್‌ನಲ್ಲಿ ಪ್ರತಿ ಪ್ರಶ್ನೆಯ ಲೆಕ್ಕ ಸಿಗುತ್ತದೆ. ಎಷ್ಟು ಜನ ತಪ್ಪಿದರು ಎನ್ನುವುದಕ್ಕಿಂತ ಯಾರು ತಪ್ಪಿದರು ಎನ್ನುವುದು ಮುಖ್ಯ. ಜಾಸ್ತಿ ಅಂಕ ತೆಗೆಯುವವರೇ ಡೆಬಿಟ್ ನೋಟು, ಕ್ರೆಡಿಟ್ ನೋಟು ಅದಲುಬದಲು ಮಾಡಿದ್ದರೆ ಪ್ರಶ್ನೆಯನ್ನೋ ಪಾಠವನ್ನೋ ತಿದ್ದಬೇಕು.

ಆಮೇಲೆ, ವಿಡಿಯೋದ ಯಾವ ಭಾಗವನ್ನು ಎಷ್ಟು ನೋಡಿದರು ಎಂದು ತೋರಿಸುವ ಯೂಟ್ಯೂಬ್ ಸ್ಟುಡಿಯೋದ ಗ್ರಾಫ್. ಗೆರೆ ಎಲ್ಲೋ ಮೇಲೆದ್ದಿದ್ದರೆ ಆ ಭಾಗವನ್ನು ಹೆಚ್ಚು ಜನ ನೋಡಿದ್ದಾರೆ, ಇಲ್ಲವೇ ಮತ್ತೆ ನೋಡಿದ್ದಾರೆ ಅಥವಾ ಹಂಚಿಕೊಂಡಿದ್ದಾರೆ. ಹಿಡಿಸಿತೋ, ತಿಳಿಯಲಿಲ್ಲವೋ, ಗ್ರಾಫ್ ಹೇಳುವುದಿಲ್ಲ. ಫೋನ್ ಮಾಡಿ ಕೇಳಿ. ಅರ್ಧಕ್ಕೆ ಬಿಟ್ಟವರನ್ನು ಮರೆಯಬೇಡಿ, ಮುಲಾಜಿಲ್ಲದೆ ಮಾತಾಡುವವರು ಅವರೇ. ಸುಮ್ನೆ ‘ಹೇಗಿತ್ತು’ ಅನ್ನಬೇಡಿ, ‘ಯಾವ ವಿಡಿಯೋ ಆದ ಮೇಲೆ ನಿಲ್ಲಿಸಿದಿರಿ’ ಅನ್ನಿ.

ಕಲಿತದ್ದು ಕೆಲಸಕ್ಕೆ ಬರುತ್ತಾ ಅಂತ ನೋಡಲು ಒಂದೆರಡು ತಿಂಗಳು ಬಿಟ್ಟು, ಕಲಿತವರಿಗೆ ಕಿರಾಣಿ ಅಂಗಡಿಯೊಂದರ ಬಿಲ್ಲುಗಳನ್ನು ಕಳಿಸಿ ಎಂಟ್ರಿ ಮಾಡಿಸಿ. ತಿದ್ದುವಾಗ ಒಂದೊಂದೇ ಪಾಠ ಬದಲಿಸಿ, ಮುಂದಿನ ಬ್ಯಾಚ್‌ಗೆ ಅದೇ ಕ್ವಿಜ್ ಕೊಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ?