ಗ್ಯಾಮು ಬಳಸಿ ಡಾಂಗಲ್‌ನಿಂದ ಕನ್ನಡ ಎಸ್ಎಂಎಸ್: ಸೆಟಪ್‌ಗೆ ಕೆಲವು ಸಲಹೆ

ಹಳೇ ಯುಎಸ್‌ಬಿ ಡಾಂಗಲ್ (ಸಿಮ್ ಹಾಕಿ ಬಳಸುವ ಮೋಡೆಮ್) ಮೂಲೆಯಲ್ಲಿ ಬಿದ್ದಿದ್ದರೆ ಎಸೆಯಬೇಡಿ. ಲಿನಕ್ಸ್‌ನಲ್ಲಿ ಗ್ಯಾಮು ಅನ್ನೋ ಪ್ರೋಗ್ರಾಂ ಹಾಕಿಕೊಂಡರೆ ಕಮಾಂಡ್ ಲೈನ್‌ನಿಂದಲೇ ಎಸ್ಎಂಎಸ್ ಕಳಿಸಬಹುದು.

ಗ್ಯಾಮುವಿನ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನಲ್ಲಿ ಮುಖ್ಯವಾಗಿ ಬೇಕಾಗೋದು ಎರಡೇ ಸಾಲು: ಪೋರ್ಟ್ (ಲಿನಕ್ಸ್‌ಗೆ ಡಾಂಗಲ್ ಯಾವ ಹೆಸರಲ್ಲಿ ಕಾಣುತ್ತದೋ ಅದು) ಮತ್ತು ಕನೆಕ್ಷನ್ (ಅದರ ಜೊತೆ ಮಾತಾಡುವ ವಿಧಾನ). ಕನೆಕ್ಷನ್‌ಗೆ 'ಎಟಿ' ಅಂತ ಕೊಟ್ಟರೆ ಸಾಮಾನ್ಯವಾಗಿ ಸಾಕು. ಪೋರ್ಟ್ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಒಂದೇ ಡಾಂಗಲ್ ಎರಡು ಮೂರು ಪೋರ್ಟ್ ತೋರಿಸುತ್ತದೆ, ಎಲ್ಲವೂ ಉತ್ತರ ಕೊಡುವುದಿಲ್ಲ. ಒಂದೊಂದನ್ನೇ ಹಾಕಿ 'ಗ್ಯಾಮು ಐಡೆಂಟಿಫೈ' ಓಡಿಸಿ. ಐಎಂಇಐ (ಡಾಂಗಲ್‌ನ ಗುರುತಿನ) ನಂಬರ್ ಬಂದರೆ ಅದೇ ಸರಿಯಾದದ್ದು. ಡಾಂಗಲ್ ತೆಗೆದು ಮತ್ತೆ ಹಾಕಿದಾಗ ಪೋರ್ಟ್ ನಂಬರ್ ಬದಲಾಗಬಹುದು, ಅದಕ್ಕೇ 'ಡೆವ್' ಒಳಗಿನ 'ಸೀರಿಯಲ್' ಫೋಲ್ಡರ್‌ನ 'ಬೈ-ಐಡಿ' ಒಳಗಿರುವ ಹೆಸರನ್ನೇ ಬರೆದುಬಿಡಿ.

ಪರ್ಮಿಷನ್ ಇಲ್ಲ ಅಂದರೆ ಸುಮ್ನೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಬಳಸಬೇಡಿ. ಉಬುಂಟು, ಡೆಬಿಯನ್‌ನಲ್ಲಿ ನಿಮ್ಮ ಯೂಸರ್ ಅನ್ನು 'ಡಯಲ್‌ಔಟ್' ಗ್ರೂಪಿಗೆ ಸೇರಿಸಿ, ಲಾಗೌಟ್ ಆಗಿ ಬನ್ನಿ.

ಕನ್ನಡದಲ್ಲಿ ಕಳಿಸುವವರು ಇದನ್ನು ಮರೆಯಲೇಬೇಡಿ: 'ಸೆಂಡ್‌ಎಸ್ಎಂಎಸ್' ಕಮಾಂಡಿಗೆ 'ಯೂನಿಕೋಡ್' ಆಯ್ಕೆ ಸೇರಿಸಬೇಕು. ಇಲ್ಲದಿದ್ದರೆ ಕನ್ನಡ ಅಕ್ಷರ ಸರಿಯಾಗಿ ಹೋಗುವುದಿಲ್ಲ. ಇಂಗ್ಲಿಷಿಗೆ ಒಂದು ಮೆಸೇಜಿನಲ್ಲಿ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆಬೇರೆ ಲೆಕ್ಕ. 'ನೀರು' ನಮ್ಮ ಕಣ್ಣಿಗೆ ಎರಡಕ್ಷರ, ಮೋಡೆಮ್‌ಗೆ ನಾಲ್ಕು. 'ನೀರು ಬಿಟ್ಟಿದೆ' ಅಂದರೆ ಆಗಲೇ 13 ಮುಗಿಯಿತು! 70 ದಾಟಿದರೆ ಮೆಸೇಜ್ ತುಂಡಾಗಿ ಹೋಗುತ್ತದೆ, ತುಂಡಿಗೆ 67ರಂತೆ. ಪ್ರತಿ ತುಂಡಿಗೂ ದುಡ್ಡು ಬೀಳಬಹುದು ಅಲ್ವಾ, ಚಿಕ್ಕದಾಗಿ ಬರೆಯಿರಿ. ಉದ್ದದ್ದೇ ಬೇಕಿದ್ದರೆ 'ಆಟೋಲೆನ್' ಆಯ್ಕೆಯನ್ನೂ ಕೊಡಿ.

ಎಲ್ಲ ಸರಿಯಿದ್ದೂ ಪೋರ್ಟ್ ಬ್ಯುಸಿ ಅಂತ ಬಂದರೆ, ಹೆಚ್ಚಾಗಿ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಆದ ಮೋಡೆಮ್‌ಮ್ಯಾನೇಜರ್ ಅದನ್ನು ಹಿಡಿದುಕೊಂಡಿರುತ್ತದೆ. ಅದನ್ನು ನಿಲ್ಲಿಸಿ ಮತ್ತೆ ನೋಡಿ.