ಎಷ್ಟು ಸಾಕ್ಸ್ ಹಾಕಿದ್ದೀರಿ?

2019ರ ಬೇಸಿಗೆ. ಒಂದು ಸಂಜೆ ಬಟ್ಟೆ ನೆನೆಹಾಕುವಾಗ ನಮ್ಮನೆಯವರ ಸಾಕ್ಸ್‌ನಲ್ಲಿ ಹಳದಿ ಕಲೆ ಕಂಡಿತು. ಮೂಸಿ ನೋಡಿದೆ, ಕೀವಿನ ವಾಸನೆ. ಒಳಗೆ ಹೋಗಿ ಕೇಳಿದರೆ, "ಏನಿಲ್ಲ ಕಣೆ, ವಸಿ ಉಜ್ಜದೆ ಅಷ್ಟೆ, ಸುಮ್ಕಿರು" ಅಂದರು. ಹಟ ಮಾಡಿ ಕೃತಕ ಕಾಲು ಬಿಚ್ಚಿಸಿದೆ. ಮೋಟಿನ ತುದಿಯಲ್ಲಿ ಎಂಟಾಣೆ ಅಗಲದ ಹುಣ್ಣು. ಎಷ್ಟು ದಿನದಿಂದ ಅಂದಿದ್ದಕ್ಕೆ ಉತ್ತರವಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹೆಂಗ್ಲಾ ತಡ್ಕಂಡಿದ್ದೆ ಮಗಾ" ಅಂತ ಅತ್ತುಬಿಟ್ಟರು.

ಅವರು ಕಾಲು ಕಳೆದುಕೊಂಡು ಆಗಲೇ ಹದಿನಾರು ವರ್ಷ ದಾಟಿತ್ತು. ಅದು ಮುಗಿದ ಕತೆ ಅಂತ ಮನೆಯಲ್ಲಿ ಎಲ್ಲರೂ ನಂಬಿಕೊಂಡಿದ್ದೆವು.

ಇವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತಲ್ಲ, ಆಮೇಲೆ ಆಪರೇಷನ್ ಪರಾಕ್ರಮ್ ಅಂತ ಸೇನೆಯನ್ನೆಲ್ಲ ಪಶ್ಚಿಮದ ಗಡಿಗೆ ಕಳಿಸಿದರು, ಅಲ್ಲಿ ನೆಲಬಾಂಬ್ ಹೂಳಿದರು. ಯುದ್ಧ ಆಗಲಿಲ್ಲ. ಹೂಳಿದ್ದನ್ನು ತೆಗೆಯುವಾಗ, 2002ರ ಕೊನೆಯಲ್ಲಿ, ಇವರ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಸೇನಾ ಕೃತಕ ಅವಯವ ಕೇಂದ್ರದಲ್ಲಿ ಕಾಲು ಕೊಟ್ಟರು. 1944ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲೇ ಶುರುವಾದ ಜಾಗ ಅದು. ನಮ್ಮನೆಯಲ್ಲಿ ಇವತ್ತಿಗೂ ಅದಕ್ಕೆ 'ಪುಣೆ ಕಾಲು' ಅಂತಲೇ ಹೆಸರು. ಪಿಂಚಣಿ ಮೇಲೆ ಊರಿಗೆ ಬಂದು, ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅದೇ ಕಾಲಿನಲ್ಲಿ ಕಬ್ಬಿಗೆ ನೀರು ಕಟ್ಟಿದರು, ಮಗಳನ್ನು ಸೈಕಲ್ ಮೇಲೆ ಶಾಲೆಗೆ ಬಿಟ್ಟರು.

ಹುಣ್ಣು ಯಾಕಾಯಿತು ಅಂತ ನನಗೆ ಬಿಡಿಸಿ ಹೇಳಿದ್ದು ಮೈಸೂರಿನ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಮೋಟು ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ತುಂಬಿಕೊಂಡಿರುತ್ತದೆ, ನಡೆದಂತೆಲ್ಲ ಇಳಿಯುತ್ತದೆ. ವರ್ಷ ಕಳೆದಂತೆ ಮಾಂಸವೂ ಸೊರಗುತ್ತದೆ. ಆದರೆ ಅದು ಕೂರುವ ಬಟ್ಟಲು, ಸಾಕೆಟ್ ಅನ್ನುತ್ತಾರಲ್ಲ, ಅದು ಗಟ್ಟಿ. ಅದು ಇದ್ದ ಹಾಗೇ ಇರುತ್ತದೆ. ನಡುವೆ ಉಳಿದ ಜಾಗವನ್ನು ಸಾಕ್ಸ್ ಹಾಕಿ ತುಂಬಬೇಕು. ತುಂಬದಿದ್ದರೆ ಮೋಟು ತಳಕ್ಕೆ ಇಳಿದು ಮೈಯ ಭಾರವೆಲ್ಲ ಎಲುಬಿನ ತುದಿಯ ಮೇಲೆ ಬೀಳುತ್ತದೆ. ಇವರಿಗೆ ಅಷ್ಟರಲ್ಲಿ ಸಕ್ಕರೆ ಕಾಯಿಲೆಯೂ ಬಂದಿತ್ತು, ಗಾಯ ಬೇಗ ಮಾಯಲಿಲ್ಲ. ಎರಡೂವರೆ ತಿಂಗಳು ಪುಣೆ ಕಾಲು ಮೂಲೆಯಲ್ಲಿ ಒರಗಿಕೊಂಡಿತ್ತು, ಇವರು ಜಗಲಿ ಮೇಲೆ ಕೂತಿದ್ದರು. ಕಾಲು ಹೋದ ವರ್ಷಕ್ಕಿಂತ ಆ ಎರಡೂವರೆ ತಿಂಗಳೇ ನನಗೆ ಕಷ್ಟದ್ದಾಗಿ ಕಂಡಿತು. ಮೊದಲ ವರ್ಷ ಊರೆಲ್ಲ ಬಂದು ವಿಚಾರಿಸುತ್ತಿತ್ತು. ಈಗ ಯಾರೂ ಬರಲಿಲ್ಲ.

"ಇವತ್ತು ಎಷ್ಟು ಸಾಕ್ಸ್ ಹಾಕಿದ್ರಿ ಅಂತ ಕೇಳಿ ಅಕ್ಕ. ಐದು ದಾಟಿದ್ರೆ ಬಟ್ಟಲು ಬದಲಾಯಿಸೋ ಹೊತ್ತು ಬಂತು ಅಂತ" ಅಂದಿದ್ದಳು ಆ ಹುಡುಗಿ. ಅವಳು ಹೇಳಿದ್ದು ಸಾಕ್ಸ್ ವಿಷಯ, ನಾನು ಕಲಿತದ್ದು ಇವರನ್ನು ಮಾತಾಡಿಸುವ ದಾರಿ. ಹದಿನಾರು ವರ್ಷ ನಾನು "ಕಾಲು ಹೇಗಿದೆ?" ಅಂತ ಕೇಳಿದ್ದೆ, ಅವರು "ಏನಿಲ್ಲ" ಅಂದಿದ್ದರು. "ಎಷ್ಟು ಸಾಕ್ಸ್?" ಅಂದ ದಿನ ತಡಮಾಡದೆ "ನಾಲ್ಕು" ಅಂದರು. ಸೈನ್ಯದಲ್ಲಿದ್ದವರಿಗೆ ನೋವು ಅಂತ ಬಾಯಿಬಿಡುವುದು ಬರುವುದಿಲ್ಲ, ಲೆಕ್ಕ ಒಪ್ಪಿಸುವುದು ಬರುತ್ತದೆ.

ಅಂದಿನಿಂದ ನಮ್ಮದೊಂದು ಕ್ರಮ ಇದೆ. ರಾತ್ರಿ ಮುದ್ದೆ ಉಂಡಮೇಲೆ ಅವರು ಮಂಚದ ಅಂಚಿಗೆ ಕೂರುತ್ತಾರೆ. ಉಗುರುಬೆಚ್ಚಗಿನ ನೀರು, ಘಾಟಿಲ್ಲದ ಸೋಪು. ತೊಳೆಯುವುದು ರಾತ್ರಿಯೇ. ಬೆಳಿಗ್ಗೆ ತೊಳೆದರೆ ತೇವ ಉಳಿದು ಬಟ್ಟಲಿನಲ್ಲಿ ಚರ್ಮ ಕಚ್ಚುತ್ತದೆ. ಹೊಲಿಗೆಯ ಮಡಿಕೆಯೊಳಗೂ ಒತ್ತಿ ಒರೆಸುತ್ತೇನೆ. ಮಗಳ ಪುಟ್ಟ ಕನ್ನಡಿಯನ್ನು ಅವರ ಕೈಗೇ ಕೊಡುತ್ತೇನೆ, ಹಿಂಬದಿ ಅವರೇ ನೋಡಬೇಕು. ಕೆಂಪಗಿದ್ದರೆ ಗಡಿಯಾರ ನೋಡುತ್ತೇವೆ. ಹತ್ತು ನಿಮಿಷದಲ್ಲಿ ಕೆಂಪು ಮಾಸಿದರೆ ಸರಿ, ಮಾಸದಿದ್ದರೆ ಮಾರನೇ ದಿನ ಪುಣೆ ಕಾಲಿಗೆ ರಜೆ, ಊರುಗೋಲಲ್ಲೇ ಓಡಾಟ. ಅತ್ತೆಗೆ ಹರಳೆಣ್ಣೆ ಹಚ್ಚುವ ಆಸೆ. ಚರ್ಮ ಮೆತ್ತಗಾದರೆ ಬೇಗ ಕಿತ್ತುಹೋಗುತ್ತದೆ ಅಂತ ಅವರನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಈಗ ಆ ಎಣ್ಣೆ ಬಲಗಾಲಿನ ಮಂಡಿಗೆ ಹೋಗುತ್ತದೆ. ಇಷ್ಟು ವರ್ಷ ಎರಡು ಕಾಲಿನ ಭಾರ ಹೊತ್ತ ಮಂಡಿ ಅದು, ಸವೆದಿದೆ.

ಇಲ್ಲದ ಪಾದದ ನೋವಿಗೂ ಇದೇ ದಾರಿ ಹಿಡಿದೆ. ನಡುರಾತ್ರಿ ಎದ್ದು ಕೂರುತ್ತಾರೆ, ಹಲ್ಲು ಕಚ್ಚಿಕೊಂಡು. "ನೋವಾ?" ಅಂದರೆ ತಲೆ ಅಲ್ಲಾಡಿಸುತ್ತಾರೆ. "ಯಾವ ಬೆರಳು?" ಅಂದರೆ, "ಹೆಬ್ಬೆರಳು, ಒಳಗಡೀಕೆ ತಿರುಚ್ಕಂಡದೆ" ಅನ್ನುತ್ತಾರೆ. ಆಗ ಬೀರುವಿನಿಂದ ಬಿಚ್ಚಿಟ್ಟ ಉದ್ದ ಕನ್ನಡಿಯನ್ನು ಎರಡು ತೊಡೆಯ ನಡುವೆ ನಿಲ್ಲಿಸುತ್ತೇವೆ. ಬಲಗಾಲು ಕನ್ನಡಿಯಲ್ಲಿ ಎಡಗಾಲಾಗಿ ಕಾಣುತ್ತದೆ. ಬಲಗಾಲಿನ ಹೆಬ್ಬೆರಳನ್ನು ನಿಧಾನಕ್ಕೆ ಮಡಿಸಿ, ಬಿಡಿಸಿ, ಮಡಿಸಿ, ಬಿಡಿಸಿ ಮಾಡುತ್ತಾರೆ, ಕಣ್ಣು ಕನ್ನಡಿ ಬಿಟ್ಟು ಅಲ್ಲಾಡುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ತಿರುಚಿಕೊಂಡದ್ದು ಸಡಿಲವಾಗುತ್ತದಂತೆ. ತಮಿಳುನಾಡಿನಲ್ಲಿ ಹುಟ್ಟಿದ ವಿ.ಎಸ್. ರಾಮಚಂದ್ರನ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯ ಇದು. ಎಲ್ಲರಿಗೂ ಹಿಡಿಸುವುದಿಲ್ಲ, ಇವರಿಗೂ ಪ್ರತಿಸಲ ಕೈಹಿಡಿಯುವುದಿಲ್ಲ. ಆಗ ಡಾಕ್ಟರು ಕೊಟ್ಟ ಮಾತ್ರೆಯೇ ಗತಿ.

ಸದ್ದಿನ ವಿಷಯ ಇನ್ನೂ ಸೂಕ್ಷ್ಮ. ಬೇಬಿ ಬೆಟ್ಟದ ಕಡೆ ಕಲ್ಲು ಸಿಡಿಸಿದರೆ ನಮ್ಮನೆಯ ಪಾತ್ರೆ ನಡುಗುತ್ತಿತ್ತು. ಇವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದರು, ಸಂಜೆವರೆಗೆ ಮಾತಿಲ್ಲ. ಮೊದಮೊದಲು ಓಡಿಹೋಗಿ ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದೆ. ಅದು ತಪ್ಪು. ಮೈಸೂರಿನ ಮನೋವೈದ್ಯರು ಹೇಳಿದ ಮೇಲೆ ಎದುರಿಗೆ ಬಂದು ನಿಲ್ಲುವುದನ್ನು ಕಲಿತೆ. "ಬೆಟ್ಟದ್ದು ಕಣ್ರೀ. ಮನೇಲಿದ್ದೀವಿ. ಎಷ್ಟಾಯ್ತು?" ಅನ್ನುತ್ತೇನೆ. "ಮೂರು" ಅನ್ನುತ್ತಾರೆ. ಎಣಿಸುತ್ತಿದ್ದಾರೆ ಅಂದರೆ ಇಲ್ಲೇ ಇದ್ದಾರೆ ಅಂತ ನನಗೆ ಧೈರ್ಯ. 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಕೂಡದು ಅಂದಾಗ ಊರವರೆಲ್ಲ ಅಣೆಕಟ್ಟೆಯ ಮಾತಾಡಿದರು. ನನಗೆ ನೆನಪಾದದ್ದು ಇವರ ನಿದ್ದೆ.

ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಆನೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರಲ್ಲ, ಅದನ್ನು ಟಿವಿಯಲ್ಲಿ ಇವರು ಕಣ್ಣು ಕೀಳದೆ ನೋಡುತ್ತಾರೆ. ಒಂದು ವರ್ಷ ತಾವೇ, "ಇಪ್ಪತ್ತೊಂದೇ ಅಲ್ವಾ? ಗೊತ್ತಿದ್ರೆ ತಡೀಬೌದು" ಅಂದರು. ವಿಜಯದಶಮಿಗೆ ಹೋದೆವು. ಅರಮನೆಯಿಂದ ದೂರ, ನನ್ನ ತಂಗಿಯ ಮನೆಯ ಮಹಡಿ ಮೇಲೆ ನಿಂತೆವು. ಮಗಳು ಅವರ ಮುಂದೆ ನಿಂತು ಬೆರಳು ಮಡಿಸುತ್ತಾ ಹೋದಳು. ಹನ್ನೊಂದಕ್ಕೆ ಕಣ್ಣು ಮುಚ್ಚಿದರು, ಇಪ್ಪತ್ತೊಂದಕ್ಕೆ ತೆರೆದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮುಂದಿನ ವರ್ಷ ಬರಲ್ಲ ಅಂದರು, ನಾವೂ ಒತ್ತಾಯಿಸಲಿಲ್ಲ.

ಕಾಗದಪತ್ರದ ಬಗ್ಗೆ ಒಂದೆರಡು ಮಾತು, ನನ್ನಂಥ ಹೆಂಗಸರಿಗಾಗಿ. ಮೆಡಿಕಲ್ ಬೋರ್ಡಿನ ಕಾಗದ, ಪಿಂಚಣಿ ಆದೇಶ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡು ಒಂದೇ ಫೈಲಿನಲ್ಲಿರಲಿ, ಅದು ಎಲ್ಲಿದೆ ಅಂತ ನಿಮಗೂ ಗೊತ್ತಿರಲಿ. ಪಿಂಚಣಿ ಈಗ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಸೇರಿದೆ, ವರ್ಷವರ್ಷ ಜೀವಂತ ಪ್ರಮಾಣಪತ್ರ ತಪ್ಪಿಸಬೇಡಿ. ಅಂಗವೈಕಲ್ಯದ ಶೇಕಡಾವಾರು 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75 ಇದ್ದರೆ 75, ಅದಕ್ಕೂ ಮೇಲಿದ್ದರೆ 100 ಅಂತ ಹಿಡಿಯುವ ಪದ್ಧತಿ ಇದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಅಂತ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ನಾನು ಮೂರು ಸಲ ಹೋಗಿ ಕೇಳಿದೆ.

ಮೊನ್ನೆ ನಾಲೆ ಕಡೆಯಿಂದ ಬಂದವರು ಜಗಲಿ ಮೇಲೆ ಕೂತರು. ನಾನು ನೀರಿನ ಚೊಂಬು ಕೊಟ್ಟೆ, ಇನ್ನೂ ಬಾಯಿ ತೆರೆದಿರಲಿಲ್ಲ.

"ಆರಾಕಿದೀನಿ ಇವತ್ತು" ಅಂದರು.

ಸೋಮವಾರ ಮೈಸೂರಿಗೆ ಹೋಗಿ ರೆಫರಲ್ ಬರೆಸಿಕೊಂಡು ಬಂದೆವು. ಪುಣೆಗೆ ಟಿಕೆಟ್ ಆಗಿದೆ.